ಸೈನ್ಯದ ಮನೆಯ ಅನ್ನ

ಹುಡುಕಿಕೊಂಡು ಬಂದಿದ್ದ ಆ ಹೆಂಗಸು ಅನ್ನದ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ತಿಲೋಕ ಭಿಕ್ಷು ತನ್ನ ಭಿಕ್ಷಾಪಾತ್ರೆಯನ್ನು ಬೋರಲು ಹಾಕಿಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಪಟಾಲಮ್ಮನಿಗೆ ಅದರ ಅರ್ಥ ಗೊತ್ತಿತ್ತು. ಬರ್ಮಾದಿಂದ ಓದಲು ಬಂದು, ಹೊರಮಾವು ಬಡಾವಣೆಯ ಅವಳ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಎಳೆಯ ಸನ್ಯಾಸಿ ಅವನು. ದಿನವೂ ಆ ಪಾತ್ರೆಗೆ ಅನ್ನ ಹಾಕುವವಳು ಪಟಾಲಮ್ಮನೇ. ಅವನೆಂದರೆ ಅವಳಿಗೆ ಪ್ರಾಣ.

ಹೋದ ತಿಂಗಳಷ್ಟೇ, ೨೦೦೭ರ ಸೆಪ್ಟೆಂಬರಿನಲ್ಲಿ, ಅವನ ದೇಶದ ಭಿಕ್ಷುಗಳು ಮಿಲಿಟರಿ ಸರ್ಕಾರದ ವಿರುದ್ಧ ಬೀದಿಗಿಳಿದಿದ್ದರು. ಸರ್ಕಾರ ಗುಂಡು ಹಾರಿಸಿತ್ತು. ಸೈನ್ಯದವರ ಮನೆಯ ಅನ್ನ ಬಂದರೆ ಪಾತ್ರೆ ಬೋರಲು ಹಾಕುತ್ತೇವೆ, ಅದೇ ನಮ್ಮ ಬಹಿಷ್ಕಾರ ಎಂದು ಅವನೇ ಹೇಳಿದ್ದ.

ಅಂದಮೇಲೆ ಈ ಹೆಂಗಸು ಸೈನ್ಯದವರ ಕಡೆಯವಳೇ ಸೈ. ಹುಡುಗನನ್ನು ಹಿಡಿದುಕೊಂಡು ಹೋಗಲು ಬಂದವಳು.

ಹೆಂಗಸು ಮಂಡಿಯೂರಿದಳು. ಐವತ್ತು ದಾಟಿದ ಜೀವ, ಅವನೆದುರು ಮೂರು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಿತು. ಅವನು ಗೋಡೆ ನೋಡುತ್ತಾ ಕುಳಿತಿದ್ದ. ಗುಂಡು ಹೊಡೆಸುವವರೂ ಇವರೇ, ಅಡ್ಡಬೀಳುವವರೂ ಇವರೇ! ಎಂಥ ನಾಟಕವಪ್ಪಾ ಎಂದುಕೊಂಡಳು ಪಟಾಲಮ್ಮ.

ಹೆಂಗಸು ತನ್ನ ಭಾಷೆಯಲ್ಲಿ ಏನೋ ಬೇಡಿಕೊಂಡಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಕೈ ಅವನ ಕಾವಿಯ ಅಂಚಿನವರೆಗೂ ಹೋಗಿ, ಮುಟ್ಟದೆ ನಿಂತಿತು.

ಪಟಾಲಮ್ಮ ನುಗ್ಗಿದಳು. "ಏಯ್, ಮುಟ್ಟಿದ್ರೆ ನೋಡು! ಬೆಳೆದ ಹುಡುಗನ್ನ ಎಳ್ಕೊಂಡು ಹೋಗಕ್ ಬಂದಿದೀಯಾ? ಹೆತ್ತ ಕರುಳು ಅಂದ್ರೆ ಏನಂತ ಗೊತ್ತೇನೇ ನಿಂಗೆ?"

ಹೆಂಗಸಿಗೆ ಕನ್ನಡ ಬಾರದು. ಅರ್ಥ ಕೇಳುವಂತೆ ಭಿಕ್ಷುವಿನ ಮುಖ ನೋಡಿದಳು. ಅವನು ಹೇಳಲಿಲ್ಲ.

"ರೀ, ಆಟೋ ನಿಲ್ಸಿ!" ಎಂದು ಪಟಾಲಮ್ಮ ಕೆಳಗಿದ್ದ ಗಂಡನಿಗೆ ಕೂಗಿದಳು. ಹೆಂಗಸಿನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದಳು. ಒಂದು ಲೋಟ ನೀರೂ ಕೊಡಲಿಲ್ಲ. ಆಟೋ ತಿರುವು ದಾಟುವವರೆಗೂ ಹೆಂಗಸು ಮಹಡಿಯ ಕಡೆಗೇ ಕತ್ತು ತಿರುಗಿಸಿಕೊಂಡಿದ್ದಳು.

ಮೇಲೆ ಬಂದರೆ ಭಿಕ್ಷು ಕುಳಿತಲ್ಲೇ ಕುಳಿತಿದ್ದ. ಮುಖದಲ್ಲಿ ಅಳುವಿಲ್ಲ, ಭಯವಿಲ್ಲ, ಏನೂ ಇಲ್ಲ.

"ಹೆದರ್ಕೋಬೇಡಿ ಸ್ವಾಮಿ, ನಾವಿಲ್ವಾ?" ಪಟಾಲಮ್ಮ ಏದುಸಿರು ಬಿಡುತ್ತಿದ್ದಳು. "ಇನ್ನೊಂದ್ ಸಲ ಗೇಟ್ ಹತ್ರ ಬರ್ಲಿ, ಕಾಲ್ ಮುರೀತೀನಿ. ಯಾರವಳು, ಪೊಲೀಸಾ?"

"ಅಲ್ಲ. ನಮ್ಮಪ್ಪ ಸೈನ್ಯದಲ್ಲಿ ಇದಾರೆ," ಎಂದ ಅವನು, ಗೋಡೆಯಿಂದ ಕಣ್ಣು ತೆಗೆಯದೆ. "ಅವರು ನಮ್ಮಮ್ಮ."