ಮೂವತ್ತೆರಡನೇ ಚೀಟಿ

"ಮಿಸ್, ಡಬ್ಬೀಲಿ ಒಂದು ಚೀಟಿ ಕಮ್ಮಿ ಇದೆ."

ತರಗತಿಯ ತಲೆಗಳೆಲ್ಲ ಅತ್ತ ತಿರುಗಿದವು. ಹೇಳಿದವಳು ವಕೀಲಮ್ಮ. ವಯಸ್ಸು ಎಂಟು, ಯಾರದೇ ಜಗಳವಿದ್ದರೂ ವಾದಕ್ಕೆ ನಿಲ್ಲುತ್ತಿದ್ದುದರಿಂದ ಬಂದ ಹೆಸರು. ಡಬ್ಬಿಯನ್ನು ಅವಳು ಮೇಜಿನ ಮೇಲೆ ಸುರಿದುಬಿಟ್ಟಿದ್ದಳು. ಚೀಟಿ ಮೂವತ್ತೊಂದು, ಮಕ್ಕಳು ಮೂವತ್ತೆರಡು.

ಟೀಚರು ಅವಸರದಲ್ಲಿ ಚೀಟಿಗಳನ್ನು ಡಬ್ಬಿಗೆ ತುಂಬತೊಡಗಿದರು. ಶನಿವಾರದ ಕೊನೆಯ ಗಂಟೆ ಯಾರು ಹೊಡೆಯಬೇಕೆಂದು ಚೀಟಿ ಎತ್ತುವುದು ಅವರದೇ ಏರ್ಪಾಡು. ಗಂಟೆಯ ಆ ಹಗ್ಗ ಕೈಗೆ ಸಿಕ್ಕರೆ ಮಕ್ಕಳಿಗೆ ಪಟ್ಟ ಕಟ್ಟಿದಷ್ಟು ಖುಷಿ. "ಯಾರೂ ಬೆರಳು ತೋರಿಸೋ ಹಾಗಾಗಬಾರದು" ಎಂದು ಟೀಚರು ಕೆಲಸಕ್ಕೆ ಸೇರಿದ ದಿನವೇ ಮುಖ್ಯೋಪಾಧ್ಯಾಯರು ಎಚ್ಚರಿಸಿದ್ದರು.

"ಇವಳ ಹೆಸರೇ ಇಲ್ಲ!" ವಕೀಲಮ್ಮ ಕೊನೆಯ ಬೆಂಚಿನತ್ತ ಕೈ ಚಾಚಿದಳು. ಹಸಿರು ರಿಬ್ಬನ್ನಿನ ಹುಡುಗಿ ತಲೆ ತಗ್ಗಿಸಿದಳು.

"ಅವಳು ಹೊಸಬಳು ಕಣೆ," ಎಂದ ಗುಂಡ. "ಕಾಯ್ಲಿ. ನಾವು ಹಳಬರು, ಒಂದನೇ ಕ್ಲಾಸಿಂದ ಇಲ್ಲೇ ಇದೀವಿ."

"ಹೊಸಬರು ಐದು ಜನ. ನಾಲ್ಕು ಜನದ ಹೆಸರಿದೆ. ನೀನು ಎರಡು ಸಲ ಹೊಡೆದೆ. ಇವಳದೊಂದೇ ಯಾಕಿಲ್ಲ ಮಿಸ್?"

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಗಾದೆ ಕಲಿಸಿದವರೂ ಇದೇ ಟೀಚರು. ಆ ಹುಡುಗಿ ಎತ್ತಿದ ಕೈ ಅವರಿಗೆ ಎಂದೂ ಕಾಣುತ್ತಿರಲಿಲ್ಲ. ನಾಟಕದಲ್ಲಿ ಅವಳಿಗೆ ಮರದ ಪಾತ್ರ. ಮೊನ್ನೆ ಅವಳ ರಿಬ್ಬನ್ ಬಿಚ್ಚಿಕೊಂಡಾಗ ಟೀಚರ ಕೈ ತಾನಾಗಿ ಮುಂದೆ ಹೋಗಿ, ಬಿಸಿ ಪಾತ್ರೆ ತಾಕಿದಂತೆ ಹಿಂದೆ ಬಂದಿತ್ತು. ಸಂಜೆ ಎಲ್ಲರೂ ಹೋದ ಮೇಲೂ ಅವಳೊಬ್ಬಳೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮಕ್ಕಳು ಎಲ್ಲವನ್ನೂ ಗಮನಿಸಿದ್ದರು.

"ಮರೆತಿರಬೇಕು" ಎಂದರು ಟೀಚರು. ಸುಳ್ಳು ನಾಲಿಗೆಗೆ ಕಹಿಯಾಯಿತು.

"ಹಾಗಾದ್ರೆ ಈ ಸಲ ನಾವೇ ಬರೀತೀವಿ," ಎಂದಳು ವಕೀಲಮ್ಮ.

ಹಾಳೆಗಳು ಪರಪರ ಹರಿದವು. ಬೆಂಚಿನಿಂದ ಬೆಂಚಿಗೆ ಪಿಸುಮಾತು ಓಡಿತು. ಗುಂಡ ಆಗಲ್ಲವೆಂದು ತಲೆಯಾಡಿಸಿದ, ಗೊಣಗಿದ, ಕೊನೆಗೆ ಪೆನ್ಸಿಲ್ ಎತ್ತಿದ. ಡಬ್ಬಿ ತುಂಬಿತು.

ಟೀಚರು ಒಂದು ಚೀಟಿ ಬಿಡಿಸಿದರು. ಅವಳ ಹೆಸರು. ಅನುಮಾನ ಬಂದು ಇನ್ನೊಂದು ಬಿಡಿಸಿದರು. ಅವಳದೇ. ಗುಂಡನ ಸೊಟ್ಟ ಅಕ್ಷರದಲ್ಲೂ ಅವಳದೇ. ಒಂದರಲ್ಲಿ ಮಾತ್ರ ವಕೀಲಮ್ಮನ ಹೆಸರಿತ್ತು. ಬರೆದವಳು ಹಸಿರು ರಿಬ್ಬನ್ನಿನವಳೇ ಎಂದು ಅಕ್ಷರ ಕಂಡೊಡನೆ ಟೀಚರಿಗೆ ತಿಳಿಯಿತು.

"ಇದು ಮೋಸ ಅಲ್ವೇನೇ?"

"ಮೋಸ ನೀವು ಶುರು ಮಾಡಿದ್ದು ಮಿಸ್. ನಾವು ಸರಿ ಮಾಡಿದ್ವಿ."

ಟೀಚರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಹೋಗಮ್ಮ, ಹೊಡಿ" ಎಂದರು.

ಹುಡುಗಿ ಓಡಿದಳು. ಎರಡೂ ಕೈಯಲ್ಲಿ ಹಗ್ಗ ಜಗ್ಗಿದಳು. ಗಂಟೆ ಬೇಕಾದ್ದಕ್ಕಿಂತ ಜಾಸ್ತಿಯೇ ಮೊಳಗಿತು. ಮಕ್ಕಳೆಲ್ಲ ಕಿಟಕಿಗೆ ಮುತ್ತಿದರು, ಅವರ ಹಿಂದೆ ಟೀಚರು.

ಶಾಲೆಯಲ್ಲಿ 'ಮಿಸ್' ಎಂದೇ ಕರೆಯುತ್ತೇನೆಂದು ಮನೆಯಲ್ಲಿ ಕೊಟ್ಟ ಮಾತು ಆ ಸಂಭ್ರಮದಲ್ಲಿ ಮರೆತೇಹೋಗಿ, ಅವಳು ಟೀಚರತ್ತ ಕೂಗಿದಳು: "ಅಮ್ಮಾ, ನೋಡಿದ್ಯಾ?"