ಗಾಳಿ ಸರಿಯಿಲ್ಲ

"ಇವತ್ತು ಬೇಡ ಕಣಪ್ಪ. ಗಾಳಿ ಸರಿಯಿಲ್ಲ."

ನರಸಿಂಹಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಬೇಲಿಯ ಬುಡಕ್ಕೆ ಉಗಿದು, ಕೆಂಪಾದ ತುಟಿಯನ್ನು ಅಂಗೈಯಿಂದಲೇ ಒರೆಸಿಕೊಂಡರು. ಅಂಬರೀಶನಿಗೆ ಉಗುಳಿಗಿಂತ ಆ ಮಾತೇ ಹೆಚ್ಚು ಹೇಸಿಗೆಯೆನಿಸಿತು.

ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಅಲ್ಲಾಡದೆ ಜೋತುಬಿದ್ದಿತ್ತು. ಅದರಾಚೆ ಎರಡು ಸೀಟಿನ ಪುಟ್ಟ ವಿಮಾನ ಬಿಸಿಲಿಗೆ ಹೊಳೆಯುತ್ತಿತ್ತು.

"ಎಲ್ಲಿದೆ ಸಾರ್ ಗಾಳಿ?"

"ಮೇಲಿದೆ," ಎಂದರು ನರಸಿಂಹಪ್ಪ, ಅವನ ಮುಖ ನೋಡದೆ.

ಗೌರಿಬಿದನೂರಿನಾಚೆಯ ಆ ಖಾಸಗಿ ಮೈದಾನದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವರು ನರಸಿಂಹಪ್ಪ. ವಾಯುಪಡೆಯಿಂದ ನಿವೃತ್ತರಾದವರು. 2006ರ ಆ ಬೇಸಿಗೆಯ ಹೊತ್ತಿಗೆ ಅಂಬರೀಶ್ ಅವರ ಬಳಿ ಕಲಿಯತೊಡಗಿ ವರ್ಷವಾಗಿತ್ತು. ಗುರುವಿನ ಪಕ್ಕದಲ್ಲಿ ಕೂತು ಹಾರಿದ್ದು ಸಾಕಾಗಿತ್ತು. ಇನ್ನು ಒಬ್ಬನೇ ಹಾರಬೇಕು. ಅದನ್ನು ತೋರಿಸಲೆಂದೇ ಕಲ್ಯಾಣಿಯನ್ನು ಚಿಂತಾಮಣಿಯಿಂದ ಕರೆತಂದಿದ್ದ. ನಿಶ್ಚಿತಾರ್ಥ ಮುಗಿದಿತ್ತು, ಮುಂದಿನ ತಿಂಗಳು ಮದುವೆ. ಅವಳೆದುರಿಗೇ ಈ ಅವಮಾನ.

ಮೊದಲು ಈ ಮನುಷ್ಯ ಹೀಗಿರಲಿಲ್ಲ. ಸ್ಕಂದಗಿರಿಯ ಕಡೆ ಹಾರಿ ಬಂದ ದಿನದಿಂದ ಈ ನೆಪಗಳು ಶುರುವಾದವು. ಒಂದು ವಾರ ಮೋಡ, ಒಂದು ವಾರ ಗಾಳಿ, ಇನ್ನೊಂದು ವಾರ ಹದ್ದುಗಳು. ಅದೇ ಗಾಳಿಯಲ್ಲಿ, ತನ್ನ ನಂತರ ಕಲಿಯಲು ಸೇರಿದ ಮೋಹನ್‌ಬಾಬು ಒಬ್ಬನೇ ಹಾರಿ, ಇಳಿದು, ಎಲ್ಲರಿಗೂ ಪೇಡೆ ಹಂಚಿದ್ದ.

ಸ್ಕಂದಗಿರಿಯ ಆ ದಿನವನ್ನು ಅಂಬರೀಶ್ ಎಷ್ಟು ಸಲ ಮೆಲುಕು ಹಾಕಿದ್ದನೋ. ಬೆಟ್ಟದ ಪಕ್ಕದಲ್ಲಿ ಮಂಜು ಚೂರುಚೂರಾಗಿ ತೇಲುತ್ತಿತ್ತು. ರೆಕ್ಕೆ ಓರೆಮಾಡಿ ತಿರುಗಿದ. ಆಮೇಲೆ ಚಕ್ರಗಳು ನಯವಾಗಿ ನೆಲ ಮುಟ್ಟಿದವು. ನಡುವಿನದೊಂದೂ ನೆನಪಿಲ್ಲ. ಕೈ ಪಳಗಿದವನಿಗೆ ಹಾಗೇ ಆಗುವುದು, ಅವನು ಯೋಚಿಸಬೇಕಾಗಿಯೇ ಇರುವುದಿಲ್ಲ ಎಂದುಕೊಂಡಿದ್ದ. ಅಪಾಯ ಅನ್ನುವುದು ಪುಕ್ಕಲರ ತಲೆಯೊಳಗೆ ಇರುತ್ತದೆ ಎಂದು ಗೆಳೆಯರ ಮುಂದೆ ಹೇಳಿಕೊಂಡೂ ಇದ್ದ.

ಪುಕ್ಕಲರೋ, ಸುತ್ತಲೂ ಹೆಚ್ಚುತ್ತಲೇ ಇದ್ದರು. ಮೇಲೂರಿನ ಮನೆಯಲ್ಲಿ ಅಪ್ಪ ಆವಲಪ್ಪ ಈಚೆಗೆ ಕಾರಿನ ಕೀ ಬಚ್ಚಿಡತೊಡಗಿದ್ದರು. "ಡ್ರೈವರ್ ಇದಾನಲ್ಲಪ್ಪ, ಕರ್ಕೊಂಡ್ ಹೋಗು," ಅನ್ನುವುದೇ ಅವರ ರಾಗ. ಇವತ್ತು ಅವರ ಕಣ್ಣು ತಪ್ಪಿಸಿ ಕಾರು ತಂದಿದ್ದ. ಮಂಚೇನಹಳ್ಳಿ ದಾಟಿದ ಮೇಲೆ, ಎದುರಿಗೆ ಒಂದು ಗಾಡಿಯೂ ಇಲ್ಲದ ರಸ್ತೆಯಲ್ಲಿ, ಕಲ್ಯಾಣಿ ಇದ್ದಕ್ಕಿದ್ದಂತೆ "ಅಯ್ಯೋ ದೇವುಡಾ!" ಎಂದು ಕಿರುಚಿ ಸ್ಟೇರಿಂಗಿಗೆ ಕೈ ಹಾಕಿದ್ದಳು. ಕಾರು ಹುಣಸೆಮರದ ಪಕ್ಕ ಮಣ್ಣಿಗಿಳಿದು ನಿಂತಿತ್ತು. ಇಂಥವಳನ್ನು ಕಟ್ಟಿಕೊಂಡು ಬಾಳಬೇಕೇ ಎಂದು ಅವನಿಗೆ ಅಸಹ್ಯವಾಗಿತ್ತು.

"ಬನ್ನಿ, ಒಳಗೆ ಕೂತ್ಕೊಳ್ಳಿ. ಬಿಸಿಲು ಜಾಸ್ತಿ," ಎಂದು ನರಸಿಂಹಪ್ಪ ಇಬ್ಬರನ್ನೂ ಆಫೀಸು ಕೋಣೆಗೆ ಕರೆದರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ಅಂಬರೀಶ್ ಕೂರಲಿಲ್ಲ. ಲೋಟ ಹಿಡಿದು ನಿಂತೇ ಇದ್ದ.

"ಒಂದ್ ಮಾತು ಕೇಳ್ತೀನಿ ಸಾರ್. ನಿಮಗೆ ಭಯಾನಾ?"

"ಹೂಂ ಕಣಪ್ಪ. ಭಯಾನೇ."

"ಯಾವ್ದಕ್ಕೆ? ಮೋಡಕ್ಕಾ, ಮೆಷಿನ್ನಿಗಾ?"

"ಅವೆರಡಕ್ಕೂ ಅಲ್ಲ."

ಕಲ್ಯಾಣಿ ತಲೆಯೆತ್ತಿ ನರಸಿಂಹಪ್ಪನವರನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಬಿಡ್ರೀ, ಇನ್ನೊಂದ್ಸಲ ಬರೋಣ. ಕಾರು ಇಲ್ಲೇ ಇರ್ಲಿ. ಬಸ್ಸಲ್ಲಿ ಹೋಗೋಣ."

ಬಸ್ಸು! ಅಂಬರೀಶನ ಮೈ ಉರಿದುಹೋಯಿತು. ನರಸಿಂಹಪ್ಪನವರ ಎಂಜಲು ಮೆತ್ತಿದ ಆ ತುಟಿ, ಬೆವರಿ ಅಂಟಿಕೊಂಡ ಆ ಅಂಗಿ, ಇಬ್ಬರ ಆ ಮೆತ್ತನೆಯ ದನಿ, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದಂತಾಯಿತು.

"ಥೂ! ನಿಮ್ಮಂಥ ಹೇಡಿಗಳು ಏರ್‌ಫೋರ್ಸಲ್ಲಿ ಅದೇನು ಕಿತ್ತು ಗುಡ್ಡೆ ಹಾಕಿದ್ರೋ! ನಿಮ್ಮ ಮುಖ ನೋಡಿದ್ರೇನೇ ಹೇಸಿಗೆ ಆಗುತ್ತೆ ನನಗೆ. ನಾನು..."

ಅವನ ಅಂಗಿಯ ಮೇಲೆಲ್ಲ ಕಾಫಿ ಹರಡಿತ್ತು. ಲೋಟ ಬಾಗಿಲ ಬಳಿ ಬಿದ್ದಿತ್ತು. ಅವನು ಕುರ್ಚಿಯಲ್ಲಿ ಕೂತಿದ್ದ. ಯಾವಾಗ ಕೂತನೋ ಗೊತ್ತಿಲ್ಲ. ನರಸಿಂಹಪ್ಪ ಅವನ ಭುಜವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

"ಯಾರು ನನ್ನ ಮೇಲೆ ಕಾಫಿ ಎರಚಿದ್ದು?" ಎಂದು ಗುಡುಗಿದ.

ಕಲ್ಯಾಣಿ ಮಂಡಿಯೂರಿ ಕೂತು, ಕಣ್ಣು ತುಂಬಿಕೊಂಡು, ದುಪಟ್ಟದ ತುದಿಯಿಂದ ಅವನ ಗಲ್ಲ ಒರೆಸುತ್ತಿದ್ದಳು. ಅವಳ ಕೈ ತಳ್ಳಿದ. ಬೆರಳಿಗೆ ಅಂಟಂಟಾಗಿ ಏನೋ ತಾಗಿತು. ಜೊಲ್ಲು. ಅವನದೇ.

ನರಸಿಂಹಪ್ಪ ಹಿಡಿತ ಸಡಿಲಿಸಲಿಲ್ಲ. ಅವರು ಮಾತಾಡಿದ್ದು ಕಲ್ಯಾಣಿಯ ಜೊತೆ.

"ಆವತ್ತು ಬೆಟ್ಟದ ಪಕ್ಕದಲ್ಲೂ ಹಿಂಗೇ ಆಯ್ತಮ್ಮ. ಕಣ್ಣು ತೆಗೆದೇ ಇತ್ತು, ಇವನಿಗೆ ಜ್ಞಾನ ಇರಲಿಲ್ಲ; ವಿಮಾನ ಇಳಿಸಿದ್ದು ನಾನು. ಒಂಥರಾ ಮೂರ್ಛೆ ಇದು, ಔಷಧಿ ತಗೊಂಡ್ರೆ ಹತೋಟಿಗೆ ಬರುತ್ತೆ, ಡಾಕ್ಟರಿಗೆ ತೋರಿಸಿ ಅಂತ ಅವರಪ್ಪನಿಗೆ ಅವತ್ತೇ ಹೇಳಿದೆ. ಅವರು, ಏನಾದ್ರೂ ನೆಪ ಹೇಳ್ಕೊಂಡು ಮದುವೆವರೆಗೂ ಇವನನ್ನ ಕೆಳಗೇ ಇಟ್ಕೊಳ್ಳಿ, ಹುಡುಗಿ ಮನೆಯವರಿಗೆ ಮಾತ್ರ ಗೊತ್ತಾಗೋದು ಬೇಡ ಅಂದ್ರು."