ಓರೆ ನಿಂತ ಲೆನ್ಸು

ರಾಚಪ್ಪ ಹನ್ನೊಂದು ವರ್ಷ ಗುರುಪಾದಪ್ಪನವರ ಸ್ಟುಡಿಯೋದಲ್ಲಿ ಕೆಲಸ ಕಲಿತವನು. ಅವನು ಸ್ವಂತ ಸ್ಟುಡಿಯೋ ತೆರೆದ ದಿನ ಅವರು, ನೆಗೆಟಿವ್‌ನಿಂದ ದೊಡ್ಡ ಫೋಟೊ ಮಾಡುವ ತಮ್ಮ ಹಳೆಯ ಎನ್ಲಾರ್ಜರನ್ನೇ ಉಡುಗೊರೆ ಕೊಟ್ಟು ಬೆನ್ನು ತಟ್ಟಿದ್ದರು. ಆದರೆ ಅದರಲ್ಲಿ ಮಾಡಿದ ಫೋಟೊಗಳಲ್ಲೆಲ್ಲ ಬಲಗಡೆ ನಿಂತವರ ಮುಖ ಮಸುಕಾಗುತ್ತಿತ್ತು. ಮದುವೆ ಮನೆಯವರು ಆಲ್ಬಮ್ಮನ್ನು ವಾಪಸ್ ತಂದು ಮೇಜಿನ ಮೇಲೆ ಬಿಸಾಕಿ ಹೋದರು.

"ಯಂತ್ರದ್ದೇನೂ ತಪ್ಪಿಲ್ಲ. ನಿನ್ನ ಕೈ ಇನ್ನೂ ಕುಂತಿಲ್ಲ, ತಮ್ಮಾ," ಎಂದರು ಗುರುಪಾದಪ್ಪ ಮರುಕದಿಂದ. "ಅಂಗಡಿ ಮುಚ್ಚಿ ಮತ್ತ ನನ್ನ ಕಡೆನ ಬಾ."

ರಾಚಪ್ಪ ಒಪ್ಪಿ ತನ್ನ ಅಂಗಡಿಗೆ ಮರಳಿದ. ಹಿಂದಿರುಗಿಸುವ ಮೊದಲು ಯಂತ್ರಕ್ಕೊಮ್ಮೆ ಮಟ್ಟ ಹಿಡಿದು ನೋಡಿದ. ಲೆನ್ಸು ಒಂದು ಬದಿಗೆ ಕೂದಲೆಳೆಯಷ್ಟು ವಾಲಿತ್ತು.

"ಹಳೇ ಸಾಮಾನು, ಸವದಿರಬೇಕು ಬಿಡ್ರಿ," ಎಂದಳು ಹೆಂಡತಿ ಶಿವಲೀಲಾ. "ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ."

"ಅವರಿಗೆ ಹೆಂಗ ಗೊತ್ತಿರತೈತಿ?" ಎನ್ನುತ್ತ ರಾಚಪ್ಪ ಲೆನ್ಸಿನ ತಿರುಪುಗಳನ್ನು ಬಿಚ್ಚಿದ. ಸಂದಿಯಲ್ಲಿ ಮಡಚಿ ತುರುಕಿದ್ದ ದಪ್ಪ ಕಾಗದದ ತುಂಡೊಂದು ಸಿಕ್ಕಿತು. ಬಿಡಿಸಿದ. ಅರಿಸಿನ ಹಚ್ಚಿದ ಮೂಲೆ. ತನ್ನ ಸ್ಟುಡಿಯೋ ಉದ್ಘಾಟನೆಯ ಆಮಂತ್ರಣಗಳಲ್ಲಿ ಮೊದಲನೆಯದಕ್ಕೆ ಮಾತ್ರ ಅವನೇ ಹಾಗೆ ಅರಿಸಿನ ಹಚ್ಚಿ, ಕಾಲಿಗೆರಗಿ, ಗುರುಪಾದಪ್ಪನವರ ಕೈಯಲ್ಲಿಟ್ಟಿದ್ದ.